ಆರು ವ್ಯಾಟಿನ ಗಾಂಭೀರ್ಯ

ನಮ್ಮ ಪಕ್ಕದ ಮನೆಯ ಬಿಂದುಮಾಧವರಾಯರಿಗೆ ಉಳಿತಾಯದ ಹುಚ್ಚು ಹಿಡಿದದ್ದು ಒಂದು ಹಳೆಯ ಲ್ಯಾಪ್‌ಟಾಪಿನಿಂದ. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಹುಚ್ಚುಗಳಿಗೆ ಬರವಿಲ್ಲ. ಒಬ್ಬರು ಯೋಗ ಹಿಡಿಯುತ್ತಾರೆ, ಇನ್ನೊಬ್ಬರು ಸಿರಿಧಾನ್ಯ ಹಿಡಿಯುತ್ತಾರೆ, ಮತ್ತೊಬ್ಬರು ಪಾರ್ಕಿನಲ್ಲಿ ಸಿಕ್ಕಸಿಕ್ಕವರನ್ನು ಹಿಡಿದು ನಿಲ್ಲಿಸಿ ಎರಡನ್ನೂ ವಿವರಿಸುತ್ತಾರೆ. ಇವರಿಂದ ಯಾರಿಗೂ ನಷ್ಟವಿಲ್ಲ, ವಾಕಿಂಗ್ ಸ್ವಲ್ಪ ತಡವಾಗುತ್ತದೆ ಅಷ್ಟೆ. ಆದರೆ ಸ್ವಂತ ಮಗಳ ಮದುವೆಯನ್ನೇ ಒಂದು ಹುಚ್ಚಿಗೆ ಗಂಟು ಹಾಕಿದ ಕೀರ್ತಿ ರಾಯರೊಬ್ಬರದು. ಕಾಂಪೌಂಡಿನ ಈಚೆ ಕಡೆ ನಿಂತು ಎಲ್ಲವನ್ನೂ ನೋಡಿದವನು ನಾನು, ಸಿದ್ದಲಿಂಗಸ್ವಾಮಿ. ಬರೀ ನೋಡಿದೆ ಎಂದರೆ ಸುಳ್ಳಾಗುತ್ತದೆ. ನಡುವೆ ಒಂದು ಮುದುಕಿಯ ಪಾತ್ರವನ್ನೂ ಮಾಡಿದೆ.

ರಾಯರು ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟ್. ಅವರ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಒಂದೆರಡು ಗಂಟೆಯಲ್ಲೇ ಕಣ್ಣು ಮುಚ್ಚುತ್ತಿತ್ತು. ಒಂದು ಭಾನುವಾರ ಅವರ ತಮ್ಮನ ಮಗ ಪ್ರದ್ಯುಮ್ನ ಬಂದು, ಅದರೊಳಗಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಎನ್ನುವ ಪುಕ್ಕಟೆ ಸಿಸ್ಟಂ ಹಾಕಿಕೊಟ್ಟ. ಅಷ್ಟಕ್ಕೇ ಎದ್ದು ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಕಾಫಿ ಬರುವುದು ತಡವಾಯಿತು, ಅವನು ಪಾಠಕ್ಕೆ ಶುರುಮಾಡಿದ.

"ದೊಡ್ಡಪ್ಪ, ಇದರ ಪ್ರೊಸೆಸರ್ ಒಂದೇ ವೇಗದಲ್ಲಿ ಓಡಲ್ಲ. ಕೆಲಸ ಬಂದ್ರೆ ವೇಗ ಏರಿಸ್ಕೊಳತ್ತೆ, ಕೆಲಸ ಇಲ್ದಿದ್ರೆ ಇಳಿಸ್ಕೊಳತ್ತೆ. ಇಳಿದಾಗ ಕರೆಂಟ್ ಕಡಿಮೆ ಎಳೆಯತ್ತೆ. ಬೇಕಾದ್ರೆ ಇಷ್ಟರ ಮೇಲೆ ಏರಬೇಡ ಅಂತ ನಾವೇ ಮಿತಿ ಹಾಕ್ಬಹುದು."

ಇಷ್ಟರಲ್ಲಿ ರಾಯರ ಕಿವಿಗೆ ಬಿದ್ದದ್ದು ಮಿತಿ ಎಂಬ ಮಾತೊಂದೇ. ಹುಡುಗ ಬೈಕ್ ಹತ್ತಿ ಹೋದದ್ದೇ ತಡ, ಅದರ ಮೇಲಿನ ಮಿತಿಯನ್ನು ಇಳಿಸಿ ಇಳಿಸಿ ಕೆಳಗಿನ ಮಿತಿಗೆ ತಂದು ಕೂರಿಸಿದರು. ಆಮೇಲೆ ಕಾಂಪೌಂಡಿನ ಹತ್ತಿರ ಬಂದು ನನ್ನನ್ನು ಕೂಗಿದರು.

"ಸ್ವಾಮೇರೆ, ಇವತ್ತಿನಿಂದ ಇದು ಎಂಟುನೂರು ಮೆಗಾಹರ್ಟ್ಸ್ ದಾಟೋ ಹಾಗಿಲ್ಲ. ಇದುವರೆಗೂ ಮೂರು ಸಾವಿರಕ್ಕೆ ಹಾರ್ತಿತ್ತು, ದುಂದುಗಾರ ಮುಂಡೇದು."

"ಹಾರಿದ್ರೆ ಏನಾಗತ್ತೆ ರಾಯರೇ?"

"ಕೆಲಸ ಬೇಗ ಆಗತ್ತೆ," ಎಂದರು. ಅದಕ್ಕಿಂತ ದೊಡ್ಡ ದುರ್ನಡತೆ ಇಲ್ಲ ಎನ್ನುವ ಮುಖ ಮಾಡಿಕೊಂಡಿದ್ದರು. "ಈಗ ನೋಡಿ, ಬರೀ ಆರು ವ್ಯಾಟ್ ಎಳೀತಿದೆ. ನಿಮ್ಮ ದೇವರ ಮನೆ ಝೀರೋ ಬಲ್ಬ್ ಹದಿನೈದು ತಿನ್ನತ್ತೆ, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಆ ಬಲ್ಬನ್ನು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದೆ.

ಅಲ್ಲಿಂದ ರಾಯರ ಲ್ಯಾಪ್‌ಟಾಪ್ ದಿನವಿಡೀ ಚಾರ್ಜರ್ ಇಲ್ಲದೆ ಬದುಕತೊಡಗಿತು. ಬದುಕಿತು ಎಂದಷ್ಟೇ ಹೇಳಬಹುದು. ಬೆಳಿಗ್ಗೆ ಒಂದು ಫೈಲನ್ನು ಒತ್ತಿ ಸ್ನಾನಕ್ಕೆ ಹೋದರೆ, ಸಂಧ್ಯಾವಂದನೆ ಮುಗಿಸಿ ಬರುವ ಹೊತ್ತಿಗೆ ಅದು ತೆರೆಯಲು ಮನಸ್ಸು ಮಾಡಿರುತ್ತಿತ್ತು. ಫೈಲು ತಡವಾಗುವುದನ್ನು ದೋಷವೆಂದು ಎಣಿಸಿ ಅಭ್ಯಾಸವಿಲ್ಲದ ರಾಯರು ಪಾರ್ಕಿನಲ್ಲಿ ಎಲ್ಲರಿಗೂ ಆರು ವ್ಯಾಟಿನ ಉಪದೇಶ ಮಾಡುತ್ತ ತಿರುಗಿದರು. ಅವರು ಬರುವುದು ಕಂಡರೆ ಸಿರಿಧಾನ್ಯದವರೇ ಬೇರೆ ದಾರಿ ಹಿಡಿಯತೊಡಗಿದರು.

ಇನ್ನು ಅವರ ಮಗಳು ಮಾಲವಿಕಾ. ಅವಳು ವಕೀಲೆ. ಎದುರು ಪಕ್ಷದ ವಕೀಲರು ಕೋಟಿನ ಗುಂಡಿ ಹಾಕಿಕೊಂಡು ಏಳುವುದರೊಳಗೆ ಅವರ ವಾದ, ತನ್ನ ವಾದ, ಎರಡನ್ನೂ ಹೇಳಿ ಮುಗಿಸುವವಳು. ನನಗೆ ಆ ಹುಡುಗಿಯನ್ನು ಕಂಡರೆ ಬಹಳ ಪ್ರೀತಿ. ನೋಡಲು ಬಂದ ಗಂಡಿನ ಕಡೆಯವರಿಗೆ ಮಾತ್ರ ಭಯ. ಬಂದವರೆಲ್ಲ ಉಪ್ಪಿಟ್ಟು ಚೆನ್ನಾಗಿತ್ತು ಎಂದು ಹೇಳಿಕಳಿಸುತ್ತಿದ್ದರು, ಹುಡುಗಿಯ ಬಗ್ಗೆ "ಮಾತು ಸ್ವಲ್ಪ ಮುಂದು" ಎನ್ನುತ್ತಿದ್ದರು. ತಾಯಿ ನಾಗಮಣಿಯವರಿಗೆ ಉಪ್ಪಿಟ್ಟು ಕೆದಕಿ ಕೆದಕಿ ಜೀವನವೇ ಬೇಸರ ಬಂದಿತ್ತು.

ಹೀಗಿರುವಾಗ ಸರಸ್ವತಿಪುರಂನಿಂದ ಒಂದು ಸಂಬಂಧ ಬಂತು. ಹುಡುಗ ಅಭಿನವ, ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮನೆಯ ಯಜಮಾನಿಕೆ ಅವನ ಅಜ್ಜಿ ತುಂಗಮ್ಮನವರದು. ತುಂಗಮ್ಮನವರ ಮಾವ ಅರಮನೆಯ ಕಚೇರಿಯಲ್ಲಿ ಇದ್ದವರಂತೆ. ಅರಮನೆಯ ಕೆಲಸ ಹೋಗಿ ಎಷ್ಟೋ ಕಾಲವಾದರೂ ಆ ಮನೆಯಲ್ಲಿ ಅದರ ಗತ್ತು ಹೋಗಿರಲಿಲ್ಲ. ಜಾತಕ ಕೂಡಿತು, ಫೋಟೋ ಒಪ್ಪಿತು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೆಣ್ಣು ನೋಡುವ ಹಾಗಿಲ್ಲ. ಶ್ರಾವಣದವರೆಗೆ ಕಾದರೆ ಆ ಹುಡುಗನಿಗೆ ಬೇರೆ ಕಡೆ ಉಪ್ಪಿಟ್ಟು ಸಿಕ್ಕಿಬಿಡಬಹುದೆಂದು ನಾಗಮಣಿಯವರಿಗೆ ಆತಂಕ.

ರಾಯರು ಶಾಸ್ತ್ರದಲ್ಲಿ ಒಂದು ಕಿಂಡಿ ಹುಡುಕಿದರು. "ಆಷಾಢದಲ್ಲಿ ಮನೆಗೆ ಬಂದು ನೋಡಬಾರದು, ನಿಜ. ಪರದೆ ಮೇಲೆ ನೋಡಿದ್ರೆ ಫೋಟೋ ನೋಡಿದ ಹಾಗೇ ಆಯ್ತಲ್ಲ? ಫೋಟೋಗೆ ಯಾವ ಆಷಾಢ?"

ತುಂಗಮ್ಮನವರೂ ಒಪ್ಪಿದರು. ಮಾಲವಿಕಾ ತನ್ನ ಫೋನಿನಲ್ಲೇ ವಿಡಿಯೋ ಕರೆ ಮಾಡೋಣ ಎಂದಳು. ರಾಯರು ಕೆರಳಿದರು. "ಹೆಣ್ಣು ತೋರಿಸೋದು ಅಂಗೈಯಗಲದ ಫೋನಲ್ಲೇನೇ? ಲ್ಯಾಪ್‌ಟಾಪ್ ಯಾತಕ್ಕಿದೆ?"

ಮನೆಯ ಕಡೆಯ ಹಿರಿಯರು ಎಂದು ಒಬ್ಬರಾದರೂ ಇರಲಿ ಅಂತ ನನ್ನನ್ನೂ ಕರೆದು ಕೂರಿಸಿದರು. ಪರದೆಯ ಮೇಲೆ ತುಂಗಮ್ಮನವರು ಕಂತಿನಲ್ಲಿ ಬಂದರು. ಮೊದಲು ಕಿವಿಯ ಓಲೆ, ಆಮೇಲೆ ಕುಂಕುಮ, ಕೊನೆಗೆ ಉಳಿದ ಮುಖ. ಪಕ್ಕದಲ್ಲಿ ಅಭಿನವ ಚೌಕ ಚೌಕವಾಗಿ ಕಾಣುತ್ತಿದ್ದ.

"ಅಡುಗೆ ಬರತ್ತೇನಮ್ಮ?" ಎಂದು ಅಜ್ಜಿ ಕೇಳಿದರು.

"ಬರತ್ತೆ ಅಜ್ಜಿ. ಸಾರು, ಹುಳಿ, ಗೊಜ್ಜು ಎಲ್ಲಾ ಬರತ್ತೆ, ಆದ್ರೆ ಕೋರ್ಟ್ ಇರೋ ದಿನ ಬೆಳಗ್ಗೆ ನನ್ನ ಕೈಲಾಗಲ್ಲ, ಅದಕ್ಕೇ ನಿಮ್ಮ ಮೊಮ್ಮಗನಿಗೆ ಅಡುಗೆ ಬರತ್ತಾ ಅಂತ ನಾನೇ ಕೇಳ್ಬೇಕು ಅಂತಿದ್ದೆ, ಬರದಿದ್ರೂ ಪರವಾಗಿಲ್ಲ, ಕಲಿಸ್ತೀನಿ."

ನಾಗಮಣಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪರದೆಯ ಮೇಲೆ ಅಜ್ಜಿಯ ಮುಖ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ನಗು ಎಡಗಡೆಯಿಂದ ಹೊರಟು ಬಲಗಡೆ ಮುಟ್ಟಿತು.

"ಹಾಡು?"

"ಕೇಳ್ತೀನಿ ಅಜ್ಜಿ, ಹಾಡಲ್ಲ, ಹಾಡಿದ್ರೆ ನಮ್ಮ ಬೀದಿ ನಾಯಿಗಳು ಕೂಡ ಎದ್ದು ಹೋಗತ್ವೆ, ಸ್ವಾಮಿ ಅಂಕಲ್‌ನ ಬೇಕಾದ್ರೆ ಕೇಳಿ."

ನಾನು ಹೌದೆಂದು ತಲೆಯಾಡಿಸಿದೆ. ಅಷ್ಟರಲ್ಲಿ ಕರೆ ತಾನಾಗಿಯೇ ಸತ್ತುಹೋಯಿತು.

"ಇದೂ ಹೋಯ್ತು," ಎಂದು ನಾಗಮಣಿಯವರು ಕೂತಲ್ಲೇ ಕೂತರು.

"ಇಷ್ಟು ಹೊತ್ತು ಮಾತಾಡಿದ್ರೂ ಬ್ಯಾಟರಿ ಇಳಿದೇ ಇಲ್ಲ ಕಣೇ!" ಎಂದರು ರಾಯರು. ನಾಗಮಣಿಯವರು ಅವರನ್ನು ನೋಡಿದ ನೋಟಕ್ಕೆ ಎಷ್ಟು ವ್ಯಾಟ್ ಎಂದು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಸಂಜೆ ತುಂಗಮ್ಮನವರ ಫೋನ್ ಬಂತು. ಬೈಗುಳಕ್ಕೆ ಸಾಕ್ಷಿಯಿರಲಿ ಎಂದು ರಾಯರು ಸ್ಪೀಕರ್ ಹಾಕಿದರು.

"ರಾಯರೇ, ಎಂಥಾ ಹುಡುಗೀನ ಬೆಳೆಸಿದೀರಿ! ಏನಾದ್ರೂ ಕೇಳಿದ್ರೆ ಕಣ್ಣು ಕೂಡ ಮಿಟುಕಿಸದೆ ಕೂತ್ಕೋತಾಳೆ. ಆಮೇಲೆ 'ಬರತ್ತೆ ಅಜ್ಜಿ', ಅಷ್ಟೇ. ಒಂದು ಮಾತು ಹೆಚ್ಚಿಲ್ಲ. ಹಾಡು ಬರತ್ತಾ ಅಂದ್ರೆ 'ಕೇಳ್ತೀನಿ' ಅಂದ್ಳು, ಎಷ್ಟು ವಿನಯ! ನಮ್ಮ ಮಾವನೋರು ಅರಮನೇಲಿ ಕಲಿತು ಬಂದ ಶಿಸ್ತು ಅದೇ. ದೊಡ್ಡೋರು ಕೇಳಿದ್ರೆ ಎರಡು ಉಸಿರು ಬಿಟ್ಟು ಉತ್ತರ ಕೊಡ್ಬೇಕು. ಈಗ ಅದು ಯಾರ ಮನೇಲಿದೆ ಹೇಳಿ? ನಿಮ್ಮ ಮನೇಲಿದೆ!"

ಎಂಟುನೂರು ಮೆಗಾಹರ್ಟ್ಸಿನಲ್ಲಿ ಉಸಿರು ಸಿಕ್ಕಿಕೊಂಡ ಲ್ಯಾಪ್‌ಟಾಪನ್ನು ಅರಮನೆಯ ಗಾಂಭೀರ್ಯ ಎಂದು ತಿಳಿಯುವವರು ಲೋಕದಲ್ಲಿ ಬೇರೆಲ್ಲಾದರೂ ಇದ್ದಾರೋ ನನಗೆ ಗೊತ್ತಿಲ್ಲ. ಮೈಸೂರಿನಲ್ಲಿ ಇದ್ದಾರೆ. ನಿಧಾನ ಕಂಡರೆ ಇಲ್ಲಿ ಮೊದಲು ಕೈಮುಗಿಯುತ್ತಾರೆ, ಕಾರಣ ಆಮೇಲೆ ಕೇಳುತ್ತಾರೆ.

"ಅಜ್ಜಿ, ಅದು ನಾನಲ್ಲ, ಲ್ಯಾಪ್‌ಟಾಪ್..." ಎಂದು ಮಾಲವಿಕಾ ಬಾಯಿ ತೆರೆದಳು. ರಾಯರು ಹಾರಿಬಿದ್ದು ಫೋನ್ ಕತ್ತರಿಸಿ, ಸಿಗ್ನಲ್ ಇಲ್ಲ ಎಂದು ಗೋಡೆಗೆ ಹೇಳಿದರು.

ಶ್ರಾವಣದ ಮೊದಲ ವಾರ ಅವರು ಮನೆಗೇ ಬರುವುದೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವುದು ಕೂಡ ಆಷಾಢಕ್ಕೆ ವಿರುದ್ಧ ಎಂದು ರಾಯರು ಅದೇ ಶಾಸ್ತ್ರದ ಕಿಂಡಿಯನ್ನು ಮುಚ್ಚಿದರು. ಮರುದಿನದಿಂದಲೇ ಮನೆಯಲ್ಲಿ ತರಬೇತಿ ಆರಂಭವಾಯಿತು. ನನ್ನ ಹೆಗಲಿಗೆ ಒಂದು ಶಾಲು ಹೊದಿಸಿ, ನೀವೇ ತುಂಗಮ್ಮನವರು ಎಂದರು.

"ನಿನ್ನ ಹೆಸರೇನಮ್ಮ?" ನಾನು ಕೇಳಿದೆ.

"ಮಾಲವಿಕಾ."

"ಬೇಗ ಆಯ್ತು!" ರಾಯರು ಟ್ರಾಫಿಕ್ ಪೊಲೀಸರ ಹಾಗೆ ಕೈ ಅಡ್ಡ ಹಿಡಿದರು. "ಒಂದು ಉಸಿರು... ಎರಡು... ಹಾಂ, ಈಗ ಹೇಳು."

"ಅಪ್ಪಾ, ನನ್ನ ಹೆಸರು ನೆನಪಿಸ್ಕೊಳಕ್ಕೆ ಎರಡು ಉಸಿರು ಬೇಕಾದ್ರೆ ಆ ಅಜ್ಜಿ ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ."

"ಕಣ್ಣು ಮಿಟುಕಿಸ್ಬೇಡ!"

ಆದರೂ ಅವಳು ಕಲಿತಳು. ಕಲಿತದ್ದು ಮನೆಯಲ್ಲೇ ಉಳಿಯಲಿಲ್ಲ, ಅದೇ ಕಷ್ಟಕ್ಕೆ ಬಂತು. ಕೋರ್ಟಿನಲ್ಲಿ ನ್ಯಾಯಾಧೀಶರು ಏನೋ ಕೇಳಿದ್ದಕ್ಕೆ ಅಭ್ಯಾಸಬಲದಿಂದ ಎರಡು ಉಸಿರು ಬಿಟ್ಟಳಂತೆ. ಅಷ್ಟರಲ್ಲಿ ಎದುರು ವಕೀಲರು ವಾಯಿದೆ ಕೇಳಿ, ಕೇಸು ಮುಂದಕ್ಕೆ ಹಾಕಿಸಿಕೊಂಡು ಊಟಕ್ಕೆ ಹೊರಟುಹೋಗಿದ್ದರು. ಹೂ ಮಾರುವ ನೀಲಮ್ಮ ಒಂದು ಬೆಳಿಗ್ಗೆ ಬುಟ್ಟಿಯನ್ನು ಗೇಟಿನಲ್ಲೇ ಇಟ್ಟು ನಾಗಮಣಿಯವರನ್ನು ಕೂಗಿದಳು.

"ಅಮ್ಮಾರೇ, ಮಗೀಗೆ ಏನೋ ಆಗ್ಬುಟ್ಟದೆ ಕಣ್ರೀ. ಎಷ್ಟು ಮೊಳ ಬೇಕವ್ವಾ ಅಂದ್ರೆ ನನ್ನೇ ನೋಡ್ತಾ ನಿಂತ್ಬುಟ್ಳು. ಮೊದ್ಲು ಎಂಗಿತ್ತು ಮಗ, ನಾನು ಕೇಳಾಕ್ ಮುಂಚೆ ಚೌಕಾಸಿ ಮುಗ್ಸೋದು. ದೃಷ್ಟಿ ತೆಗೀರಿ ಮೊದ್ಲು."

ನಾಗಮಣಿಯವರು ದೃಷ್ಟಿ ತೆಗೆದರು. ಎದುರು ಮನೆಯವರು ತಾಯತ ತಂದರು. ಪಾರ್ಕಿನಲ್ಲಿ ಸಿರಿಧಾನ್ಯದವರು, ಹುಡುಗಿ ಅಕ್ಕಿ ಬಿಟ್ಟರೆ ಮಾತು ತಿರುಗಿ ಬರುತ್ತದೆ ಎಂದು ಭರವಸೆ ಕೊಟ್ಟರು.

ಒಂದು ಸಂಜೆ ನಾನು ಗಿಡಗಳಿಗೆ ನೀರು ಹಾಕುತ್ತಿದ್ದಾಗ ಮಾಲವಿಕಾ ಕಾಂಪೌಂಡಿಗೆ ಒರಗಿ ನಿಂತಳು. ಉಸಿರು ಎಣಿಸಲಿಲ್ಲ, ಆದರೆ ಮೆಲ್ಲಗೇ ಮಾತಾಡಿದಳು.

"ಸ್ವಾಮಿ ಅಂಕಲ್, ಆವತ್ತು ಕರೇಲಿ ನಾನು ಅಡುಗೆ ಕಲಿಸ್ತೀನಿ ಅಂದಾಗ ಆ ಹುಡುಗ ನಕ್ಕಿದ್ದು ನೋಡಿದ್ರಾ? ಅಜ್ಜಿಗೆ ಕೇಳಿಸದ್ದು ಅವನಿಗೆ ಅಷ್ಟಿಷ್ಟು ಕೇಳಿಸಿರ್ಬೇಕು, ತಡವಾಗಿ ನಕ್ಕ. ಆದ್ರೆ ನಕ್ಕ. ಇದುವರೆಗೆ ಬಂದೋರು ಯಾರೂ ನಕ್ಕಿರ್ಲಿಲ್ಲ. ನಂಗೆ ಅವನು ಇಷ್ಟ ಆಗಿದಾನೆ. ಈಗ ನಿಜ ಹೇಳಿದ್ರೆ ಸಂಬಂಧ ತಪ್ಪತ್ತೆ. ಹೇಳ್ದೆ ಹೋದ್ರೆ ಆ ಮನೇಲಿ ಸಾಯೋವರೆಗೂ ಉಸಿರು ಎಣಿಸ್ತಾ ಕೂತಿರ್ಬೇಕು. ಏನ್ಮಾಡ್ಲಿ ಹೇಳಿ?"

ನಾನು ಆಗಲೇ ನೀರು ಹಾಕಿದ್ದ ಗಿಡಕ್ಕೇ ಮತ್ತೆ ನೀರು ಹಾಕಿದೆ. ಶಾಲು ಹೊದ್ದು ತುಂಗಮ್ಮನಾಗಿ ಕೂತವನು ನಾನೇ ಅಲ್ಲವೇ?

ಶ್ರಾವಣ ಬಂತು, ಅವರೂ ಬಂದರು. ತುಂಗಮ್ಮನವರು ಅಂಚಿನ ಸೀರೆಯುಟ್ಟು ನಡುಮನೆಯ ದೊಡ್ಡ ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ಅಭಿನವ. ನನ್ನನ್ನು ಮತ್ತೆ ಹಿರಿಯನ ಸ್ಥಾನದಲ್ಲಿ ಕೂರಿಸಿದ್ದರು. ಮಾಲವಿಕಾ ಕಾಫಿ ತಂದು ಇಟ್ಟಳು.

"ಚೆನ್ನಾಗಿದೀಯೇನಮ್ಮ?"

ಒಂದು ಉಸಿರು. ಎರಡು ಉಸಿರು. "ಇದೀನಿ ಅಜ್ಜಿ."

ಅಜ್ಜಿ ಕಣ್ಣು ಮುಚ್ಚಿ ತಲೆದೂಗಿದರು. ಅವರದ್ದೂ ಅದೇ ಶಿಸ್ತು, ಮುಂದಿನ ಪ್ರಶ್ನೆಗೆ ಅವರೂ ಎರಡು ಉಸಿರು ತೆಗೆದುಕೊಂಡರು. ಮಗಳಿಗೆ ಬೆಂಬಲವಾಗಿ ರಾಯರೂ ನಿಧಾನವಾದರು. "ಬಿಸಿಲು" ಎಂದು ಆರಂಭಿಸಿ "ಜಾಸ್ತಿ" ಎನ್ನುವುದರೊಳಗೆ ಹೊರಗೆ ಮೋಡ ಕವಿದಿತ್ತು. ಕಾಫಿ ಲೋಟದ ಮೇಲೆ ಕೆನೆ ಕಟ್ಟಿತು. ನನಗೆ ಆಕಳಿಕೆ ಬಂತು, ಅದನ್ನೂ ನಿಧಾನವಾಗಿ ಮುಗಿಸಿದೆ.

ಆ ಮೌನ ತಡೆಯಲಾರದೆ ರಾಯರು ತಮಗೆ ಗೊತ್ತಿದ್ದ ಒಂದೇ ವಿಷಯಕ್ಕೆ ಬಂದರು. "ನೀವು ಇಂಜಿನಿಯರ್ ಅಲ್ವೇನಪ್ಪ? ನಮ್ಮ ಲ್ಯಾಪ್‌ಟಾಪ್ ನೋಡಿ. ಲಿನಕ್ಸು. ಆರು ವ್ಯಾಟ್."

ಅಭಿನವ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಟೈಪ್ ಮಾಡಿದ. ಉತ್ತರ ಬರುವವರೆಗೆ ತಣ್ಣಗಾದ ಕಾಫಿಯನ್ನು ಪೂರ್ತಿ ಕುಡಿದು ಮುಗಿಸಿದ. ಆಮೇಲೆ ನಕ್ಕುಬಿಟ್ಟ.

"ಅಂಕಲ್, ಪಾಪ, ಇದನ್ನ ಕಟ್ಟಿಹಾಕ್ಬಿಟ್ಟಿದೀರಲ್ಲ! ಎಂಟುನೂರರ ಮೇಲೆ ಏಳೋ ಹಾಗೇ ಇಲ್ಲ. ಆವತ್ತು ಕರೆ ಹಾಗೆ ಒದ್ದಾಡಿದ್ದು ಇದಕ್ಕೇ."

ನಾಗಮಣಿಯವರು ಕೋಡುಬಳೆ ತಟ್ಟೆಯನ್ನು ಅವನ ಮುಂದೆ ಚಾಚಿ ಮಾತು ಮರೆಸಲು ನೋಡಿದರು. ರಾಯರು ಬೆವರಿದರು. ಆದರೂ ಆರು ವ್ಯಾಟಿನ ಅವಮಾನ ಸಹಿಸಲಿಲ್ಲ. "ನಿಧಾನವಾಗಿ ಓಡಿದ್ರೆ ಕರೆಂಟು ಉಳಿಯಲ್ವೇನಪ್ಪ?"

"ಎಷ್ಟು ಹೊತ್ತು ಓಡತ್ತೆ ಅಂತ ನೋಡ್ಬೇಕಲ್ಲ ಅಂಕಲ್. ಕೆಲಸ ಬಂದಾಗ ಜೋರಾಗಿ ಓಡಿ ಮುಗಿಸಿ ಮಲಗಿಬಿಟ್ರೆ ಎಷ್ಟೋ ಸಲ ಒಟ್ಟು ಖರ್ಚೇ ಕಡಿಮೆ. ತೆವಳ್ತಾ ಇದ್ರೆ ಅಷ್ಟು ಹೊತ್ತೂ ಪರದೆ ಉರೀತಾ ಇರತ್ತೆ, ಉಳಿದದ್ದೆಲ್ಲ ಎದ್ದು ಕೂತಿರತ್ತೆ. ಇದು ಕಾದು ಕಾದು ತಿಂದಿರೋದೇ ಜಾಸ್ತಿ."

"ಹಾಗೆಲ್ಲ ಆಗಲ್ಲ. ನಿಧಾನ ಅಂದ್ರೆ ಉಳಿತಾಯ. ಲ್ಯಾಪ್‌ಟಾಪಿಗೂ ಅಷ್ಟೇ, ಮನುಷ್ಯರಿಗೂ ಅಷ್ಟೇ, ಹೆಣ್ಣುಮಕ್ಕಳಿಗಂತೂ..."

ಕಣ್ಣೆದುರು ಇಷ್ಟು ಕೆಟ್ಟ ವಾದ ನಡೆಯುವಾಗ ವಕೀಲರು ಎಷ್ಟು ಉಸಿರು ತಾನೇ ಎಣಿಸಿಯಾರು? ಮಾಲವಿಕಾ ಎದ್ದು ನಿಂತಳು.

"ಸಾಕಪ್ಪ! ಅಜ್ಜಿ, ನಿಜ ಹೇಳ್ಬಿಡ್ತೀನಿ, ಆವತ್ತು ನೀವು ನೋಡಿದ್ದು ನನ್ನನ್ನಲ್ಲ, ಈ ಲ್ಯಾಪ್‌ಟಾಪನ್ನ, ನಾನು ಆವತ್ತು ಬೇಕಾದಷ್ಟು ಮಾತಾಡಿದ್ದೆ, ನಿಮಗೆ ತಲುಪಿದ್ದು ಮೂರೇ ಮಾತು, ನನಗೆ ಗಾಂಭೀರ್ಯ ಇಲ್ಲ, ಹಾಡಿದ್ರೆ ನಾಯಿ ಓಡಿಹೋಗತ್ತೆ, ಕೋರ್ಟ್ ಇರೋ ದಿನ ಅಡುಗೆ ಮಾಡಲ್ಲ, ಇಡೀ ಆಷಾಢ ಇವರು ನನಗೂ ಮಿತಿ ಹಾಕಿ ಕೂರಿಸಿದಾರೆ, ಒಂದು ಕೇಸು ವಾಯಿದೆಗೆ ಹೋಯ್ತು, ಹೂ ಮಾರೋಳು ನನಗೆ ದೆವ್ವ ಮೆಟ್ಟಿದೆ ಅಂತಾಳೆ, ಹುಡುಗ ನನಗೆ ಇಷ್ಟ ಆಗಿದಾರೆ, ಅದನ್ನೂ ನಾನೇ ಹೇಳ್ತಿದೀನಿ, ಆದ್ರೆ ಸುಳ್ಳು ಹೇಳಿ ಬರಲ್ಲ, ನಾನು ಬರೋದಾದ್ರೆ ಈ ಬಾಯಿ ಜೊತೇನೇ ಬರ್ತೀನಿ, ಬೇಡ ಅಂದ್ರೆ ಕೋಡುಬಳೆ ತಿಂದ್ಕೊಂಡು ಹೋಗಿ, ನನಗೇನೂ ಬೇಜಾರಿಲ್ಲ."

ಕೊನೆಯ ಮಾತು ಸುಳ್ಳೆಂದು ಅವಳ ಕಣ್ಣು ಹೇಳುತ್ತಿತ್ತು. ತುಂಗಮ್ಮನವರು ಒಂದು ಉಸಿರು ಬಿಟ್ಟರು. ಎರಡು ಉಸಿರು ಬಿಟ್ಟರು.

"ಈ ಹುಡುಗಿ ನಮ್ಮನೇಗೆ ಬೇಡ..."

ರಾಯರು ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು. ಇರಲಿಲ್ಲ. ನಾನು ಅವರನ್ನು ನೆಲದಿಂದ ಎಬ್ಬಿಸುವಷ್ಟರಲ್ಲಿ ಅಜ್ಜಿಯ ಇನ್ನೆರಡು ಉಸಿರು ಮುಗಿದಿತ್ತು.

"...ಅಂತ ನಾನು ಯಾಕಮ್ಮಾ ಅನ್ಲಿ? ಮದುವೆಯಾಗಿ ಬಂದಾಗ ನಾನೂ ನಿನ್ನ ಥರಾನೇ ವಟವಟ ಅಂತಿದ್ದೆ ಕಣೇ. ನಮ್ಮ ಮಾವನೋರು ಎರಡು ಉಸಿರು ಅಂದ್ರು. ಆ ಎರಡು ಉಸಿರು ಬಿಡೋದ್ರಲ್ಲಿ ಹೇಳ್ಬೇಕು ಅಂದ್ಕೊಂಡಿದ್ದೇ ಮರ್ತೋಗ್ತಿತ್ತು. ಅವರು ಹೋದ್ರು, ನಮ್ಮನೆಯೋರೂ ಹೋದ್ರು, ಉಸಿರು ಮಾತ್ರ ನನ್ನ ಹತ್ರ ಉಳ್ಕೊಂಡ್ತು. ನಾನು ಅನುಭವಿಸಿದ್ದೇ ಒಳ್ಳೇದು ಅಂತ ಇನ್ನೊಬ್ಬಳಲ್ಲಿ ಹುಡುಕ್ತಾ ಬಂದೆ ನೋಡು, ನನಗೆಷ್ಟು ಬುದ್ಧಿ!"

ನಾಗಮಣಿಯವರು ಕಣ್ಣೊರೆಸಿಕೊಂಡರು. ನಾನೂ ಕನ್ನಡಕ ತೆಗೆದು ಒರೆಸಿ, ಕೋಡುಬಳೆ ಖಾರವಾಗಿದೆ ಎಂದು ಸಬೂಬು ಹೇಳಿದೆ.

ಆಮೇಲೆ ನಡೆದದ್ದನ್ನು ವರದಿ ಮಾಡುವುದು ಕಷ್ಟ. ಮಾಲವಿಕಾ ಅಜ್ಜಿಯ ಕಾಲ ಬಳಿ ಕೂತು ಏನೋ ಕೇಳಿದಳು. ಅಜ್ಜಿ ಉಸಿರನ್ನೇ ಬಿಡದೆ ಉತ್ತರ ಕೊಟ್ಟರು. ಮಾವನವರ ಊಟದ ಗತ್ತು, ತಾವು ಕದ್ದು ನೋಡಿದ ಸಿನಿಮಾಗಳು, ಸರಸ್ವತಿಪುರಂನ ಯಾವ ಮನೆಯಲ್ಲಿ ಯಾರು ಯಾರ ಮೇಲೆ ಕೇಸು ಹಾಕಿದ್ದಾರೆ, ಎಲ್ಲ ಕಟ್ಟೆಯೊಡೆದು ಬಂತು. ಮಾಲವಿಕಾ ಆ ಕೇಸುಗಳ ಬಗ್ಗೆ ಸಲಹೆ ಕೊಟ್ಟಳು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಹೂ ಕೊಡಲು ಬಂದ ನೀಲಮ್ಮ ಬಾಗಿಲಲ್ಲೇ ನಿಂತು, "ಸದ್ಯ, ಇಳೀತು," ಎಂದು ದೇವರಿಗೆ ಕೈಮುಗಿದಳು.

ಆ ಗದ್ದಲದ ನಡುವೆ ರಾಯರು ಮೆಲ್ಲಗೆ ಅಭಿನವನ ಪಕ್ಕಕ್ಕೆ ಸರಿದರು. ಅವನು ಲ್ಯಾಪ್‌ಟಾಪಿನ ಕಟ್ಟು ಬಿಚ್ಚಿ ಅವರ ಕೈಗೆ ಕೊಟ್ಟ. ರಾಯರು ಮಗಳ ಕಡೆ, ಅಜ್ಜಿಯ ಕಡೆ ನೋಡಿ, ಪಿಸುಮಾತಿನಲ್ಲಿ ಕೇಳಿದರು.

"ಇದಕ್ಕೆ ಸರಿ. ಅವರಿಬ್ಬರಿಗೆ ಮಿತಿ ಹಾಕೋದು ಎಲ್ಲಾದ್ರೂ ಇದೆಯೇನಪ್ಪ?"

"ಇಲ್ಲ ಮಾವ," ಎಂದ ಅಭಿನವ.

ಅಷ್ಟು ಹೊತ್ತೂ ಅಂಕಲ್ ಎನ್ನುತ್ತಿದ್ದವನು ಮಾವ ಎಂದದ್ದು ರಾಯರೊಬ್ಬರನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ನಾಗಮಣಿಯವರು ಸಕ್ಕರೆ ತರಲು ಒಳಗೆ ಓಡಿದರು.